ಜಪಾನಿನಲ್ಲಿ ಒಂದೇ ಕೋಟೆ ನೋಡುವುದಾದರೆ ಮತ್ಸುಯೆ ನೋಡಿ: ಕೋಟೆಯ ಜೊತೆಗೆ ಅದರ ಊರನ್ನೂ

ಬಿದಿರುಮೆಳೆ

ಚೆರ್ರಿ ಹೂವಿನ ಕಾಲ ಹತ್ತಿರ ಬಂದಾಗಲೆಲ್ಲ ಈ ಚರ್ಚಾವೇದಿಕೆಯಲ್ಲಿ ಒಂದು ಪ್ರಶ್ನೆ ತಪ್ಪದೇ ಬರುತ್ತದೆ: ಟೋಕಿಯೊ, ಕ್ಯೋಟೊ ಆಯಿತು, ಕೋಟೆ ಯಾವುದು ನೋಡಬೇಕು? ನಾಲ್ಕು ಜನ ಹಿಮೆಜಿ ಎನ್ನುತ್ತಾರೆ, ಇಬ್ಬರು ಒಸಾಕಾ ಎನ್ನುತ್ತಾರೆ, ಚರ್ಚೆ ಅಲ್ಲಿಗೇ ನಿಲ್ಲುತ್ತದೆ. ಕೋಬೆಯಲ್ಲಿ ವಾಸವಾಗಿರುವ ನಾನು, ಊರಿನಿಂದ ಬರುವ ನೆಂಟರಿಗೆಲ್ಲ ಬೇರೊಂದು ಹೆಸರು ಹೇಳುತ್ತಾ ಬಂದಿದ್ದೇನೆ. ಅದು ಶಿಮಾನೆ ಪ್ರಾಂತದ ಮತ್ಸುಯೆ.

ಜಪಾನಿನಲ್ಲಿ ಈಗ ಕಾಣುವ ಕೋಟೆಗಳಲ್ಲಿ ಹೆಚ್ಚಿನವುಗಳ ಮುಖ್ಯ ಗೋಪುರ ಇಪ್ಪತ್ತನೆಯ ಶತಮಾನದಲ್ಲಿ ಮತ್ತೆ ಕಟ್ಟಿದ್ದು. ಎದೊ ಕಾಲ (1603ರಿಂದ 1868) ಅಥವಾ ಅದಕ್ಕೂ ಹಿಂದಿನ ಮರದ ಗೋಪುರ ಹಾಗೆಯೇ ಉಳಿದಿರುವುದು 12 ಕಡೆ ಮಾತ್ರ. ಅವುಗಳಲ್ಲಿ 5 ಗೋಪುರಗಳು ರಾಷ್ಟ್ರೀಯ ನಿಧಿಗಳು: ಹಿಮೆಜಿ, ಮತ್ಸುಮೊತೊ, ಹಿಕೊನೆ, ಇನುಯಾಮಾ ಮತ್ತು ಮತ್ಸುಯೆ. ಮತ್ಸುಯೆಯ ಗೋಪುರ ಮುಗಿದದ್ದು 1611ರಲ್ಲಿ. ಕಟ್ಟಿಸಿದವನು ಹೊರಿಯೊ ಯೊಶಿಹರು. 1600ರ ಸೆಕಿಗಹರಾ ಯುದ್ಧದ ನಂತರ ಈ ಸೀಮೆ ಹೊರಿಯೊ ಮನೆತನದ ಕೈಗೆ ಬಂತು. ಮೊದಲು ಅವರು ಗಸ್ಸಾನ್ ತೊದಾ ಎಂಬ ಬೆಟ್ಟದ ಕೋಟೆಯಲ್ಲಿದ್ದರು. ಅಲ್ಲಿ ಪೇಟೆ ಬೆಳೆಯಲು ಜಾಗವಿರಲಿಲ್ಲ, ಸರಕು ಸಾಗಿಸಲು ನೀರಿನ ದಾರಿಯೂ ಹತ್ತಿರವಿರಲಿಲ್ಲ. ಆದ್ದರಿಂದ ಶಿಂಜಿ ಸರೋವರದ ಪಕ್ಕದ ಜೌಗು ನೆಲವನ್ನು ತುಂಬಿಸಿ, ಸಣ್ಣ ಗುಡ್ಡವೊಂದರ ಮೇಲೆ ಕೋಟೆಯನ್ನೂ ಸುತ್ತ ಊರನ್ನೂ ಒಟ್ಟಿಗೇ ಕಟ್ಟಿಸಿದರು.

ನನ್ನನ್ನು ಹಿಡಿದು ನಿಲ್ಲಿಸುವುದು ಆಮೇಲಿನ ಕಥೆ. 1873ರಲ್ಲಿ, ಸಮುರಾಯ್ ಆಳ್ವಿಕೆ ಮುಗಿದ ಮೇಲೆ ಬಂದ ಮೇಜಿ ಸರ್ಕಾರ ಕೋಟೆಗಳನ್ನು ರದ್ದುಗೊಳಿಸಿತು. 1875ರಲ್ಲಿ ಮತ್ಸುಯೆ ಕೋಟೆಯ ಕಟ್ಟಡಗಳು ಒಡೆದು ಸಾಗಿಸಲೆಂದು ಹರಾಜಿಗೆ ಬಂದವು. ಮುಖ್ಯ ಗೋಪುರ 180 ಯೆನ್‌ಗೆ ಹೋಯಿತು. ಕತ್ಸುಬೆ ಮೊತೊಎಮೊನ್ ಎಂಬ ಸ್ಥಿತಿವಂತ ರೈತ ಮತ್ತು ತಕಾಗಿ ಗೊನ್‌ಪಚಿ ಎಂಬ ಹಿಂದಿನ ಸಮುರಾಯ್ ಇಬ್ಬರೂ ಸೇರಿ ಆ ಮೊತ್ತವನ್ನು ತಾವೇ ತುಂಬಿ, ಗೋಪುರವನ್ನು ಕೆಡವದಂತೆ ಉಳಿಸಿಕೊಂಡರು. ಉಳಿದ ಕಟ್ಟಡಗಳೆಲ್ಲ ಹೋದವು. ಇವತ್ತು ನಾವು ಹತ್ತುವ ಮೆಟ್ಟಿಲು ಇವರಿಬ್ಬರ ಋಣ. ಕೋಟೆ ಎಂದರೆ ದೊರೆಯ ಹೆಸರೇ ನೆನಪಾಗುತ್ತದೆ, ಆದರೆ ಇಲ್ಲಿ ರೈತನೊಬ್ಬನ ಹೆಸರನ್ನೂ ಹೇಳದೆ ಕಥೆ ಮುಗಿಯುವುದಿಲ್ಲ.

ಹೋಗಿಬಂದವರು ಬರೆಯಿರಿ. ಹೊರಡುವವರು ಕೇಳಿ.

ಹಂಪಿಯ ಹಾದಿ

ನಾನು ಹಿಮೆಜಿ ನೋಡಿದ್ದೇನೆ, ಅದರ ಪರವಾಗಿ ಮಾತನಾಡಲೇಬೇಕು. ಅಲ್ಲಿ ಉಳಿದಿರುವುದು ಒಂದು ಗೋಪುರವಲ್ಲ, ದ್ವಾರಗಳು, ಕಾವಲು ಮನೆಗಳು, ಗೋಡೆಗಳು ಸೇರಿ 83 ಕಟ್ಟಡಗಳು. ಬಾಗಿಲಿನಿಂದ ಬಾಗಿಲಿಗೆ ದಾರಿ ತಿರುಗುತ್ತಾ, ಮುಂದೆ ಹೋದಂತೆ ಅನಿಸಿದರೂ ಹಿಂದಕ್ಕೆ ಬಂದಿರುತ್ತೇವೆ. ಶತ್ರುವನ್ನು ಹೇಗೆ ದಣಿಸುತ್ತಿದ್ದರು ಎಂಬುದು ನಮ್ಮ ಕಾಲಿಗೇ ಗೊತ್ತಾಗುತ್ತದೆ. 1993ರಲ್ಲಿ ಜಪಾನಿನ ಮೊದಲ ವಿಶ್ವ ಪರಂಪರೆಯ ತಾಣಗಳಲ್ಲಿ ಅದೂ ಸೇರಿತು. ಒಸಾಕಾದಿಂದ ಶಿನ್‌ಕೈಸೊಕು ರೈಲಿನಲ್ಲಿ ಸುಮಾರು ಒಂದು ಗಂಟೆ. ಒಂದೇ ಕೋಟೆ ನೋಡಲು ಸಮಯವಿರುವವರನ್ನು ಅಷ್ಟು ದೂರದ ಮತ್ಸುಯೆಗೆ ಕಳಿಸುವುದು ನ್ಯಾಯವೇ?

ಬಿದಿರುಮೆಳೆ

ಕೋಟೆಯೊಂದನ್ನೇ ತೂಗಿದರೆ ಹಿಮೆಜಿಯೇ ಮೇಲು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹಿಮೆಜಿಯ ಪೇಟೆ 1945ರ ಜುಲೈ ತಿಂಗಳ ವಾಯುದಾಳಿಯಲ್ಲಿ ಸುಟ್ಟುಹೋಯಿತು. ಗೋಪುರಕ್ಕೂ ಬೆಂಕಿಬಾಂಬು ಬಿದ್ದಿತ್ತು, ಅದು ಸಿಡಿಯಲಿಲ್ಲ. ಹೀಗಾಗಿ ನಿಲ್ದಾಣದಿಂದ ಕೋಟೆಯವರೆಗೆ ನೀವು ನಡೆಯುವ ಅಗಲವಾದ ರಸ್ತೆ ಯುದ್ಧದ ನಂತರದ್ದು. ಕೋಟೆಯ ಬಾಗಿಲು ದಾಟಿದರೆ ಹಳೆಯ ಕಾಲ, ಹೊರಗೆ ಬಂದರೆ ಹೊಸ ನಗರ.

ಮತ್ಸುಯೆ ದೊಡ್ಡ ವಾಯುದಾಳಿಗೆ ತುತ್ತಾಗಲಿಲ್ಲ. ಕಂದಕಗಳಲ್ಲಿ ಹೆಚ್ಚಿನವು ಇನ್ನೂ ನೀರು ತುಂಬಿಕೊಂಡು ಊರಿನ ನಡುವೆಯೇ ಹರಿಯುತ್ತವೆ. ಉತ್ತರದ ಕಂದಕದ ಪಕ್ಕದ ಶಿಯೊಮಿ ನವಾತೆ ಬೀದಿಯಲ್ಲಿ ಸಮುರಾಯ್ ಮನೆಗಳ ಮಣ್ಣಿನ ಗೋಡೆಗಳೂ ಹಳೆಯ ಪೈನ್ ಮರಗಳೂ ಇವೆ. ಕೋಟೆಯೊಳಗೆ ನಿಂತವನಿಗೆ ಅದನ್ನು ಕಾಯುತ್ತಿದ್ದವರು, ಅದಕ್ಕೆ ಅಕ್ಕಿ ತರುತ್ತಿದ್ದವರು ಎಲ್ಲಿದ್ದರು ಎಂಬ ಪ್ರಶ್ನೆ ಬರುತ್ತದೆಯಲ್ಲ, ಅದಕ್ಕೆ ಉತ್ತರ ಸಿಗುವುದು ಇಂಥ ಊರಿನಲ್ಲಿ. ಅದಕ್ಕಾಗಿಯೇ ನಾನು ಮತ್ಸುಯೆ ಎನ್ನುತ್ತೇನೆ. ಅರ್ಧ ದಿನ ಮಾತ್ರ ಇರುವವರು ಖಂಡಿತ ಹಿಮೆಜಿಗೆ ಹೋಗಲಿ.

ಹಂಪಿಯ ಹಾದಿ

ಅರ್ಧ ದಿನದ ಷರತ್ತು ಒಪ್ಪಿದೆ. ಹಿಮೆಜಿಗೆ ಹೋಗುವವರಿಗೆ ಒಂದು ಸೂಚನೆ: 2026ರ ಮಾರ್ಚ್‌ನಿಂದ ಆ ನಗರದ ನಿವಾಸಿಗಳಲ್ಲದ ವಯಸ್ಕರಿಗೆ ಪ್ರವೇಶ ಶುಲ್ಕ 2,500 ಯೆನ್. ಹಳೆಯ ಬರಹಗಳಲ್ಲಿ 1,000 ಎಂದಿರುತ್ತದೆ.

ತೊಲೆ ಕಂಬ

ಕಟ್ಟಡ ಎಂಜಿನಿಯರ್ ಆಗಿ, ಅದಕ್ಕಿಂತ ಹೆಚ್ಚಾಗಿ ಮರಗೆಲಸದವರ ಮನೆಯಲ್ಲಿ ಹುಟ್ಟಿದವನಾಗಿ ಇಲ್ಲಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರಿಸಬೇಡಿ.

ಹಿಮೆಜಿಯ ಗೋಪುರವನ್ನು ಎರಡು ಮಹಾಕಂಬಗಳು ನೆಲಮಾಳಿಗೆಯಿಂದ ಮೇಲಿನವರೆಗೆ ಹೊತ್ತಿವೆ. ಮತ್ಸುಯೆಯಲ್ಲಿ ಅಂಥ ಕಂಬಗಳೇ ಇಲ್ಲ. ಅಲ್ಲಿ ಎರಡು ಅಂತಸ್ತಿನಷ್ಟು ಉದ್ದದ ಕಂಬಗಳನ್ನು ಬಳಸಿದ್ದಾರೆ. ಒಂದು ಕಂಬ ಒಂದನೆಯ ಮತ್ತು ಎರಡನೆಯ ಅಂತಸ್ತನ್ನು ಹಿಡಿದರೆ, ಇನ್ನೊಂದು ಎರಡು ಮತ್ತು ಮೂರನೆಯದನ್ನು ಹಿಡಿಯುತ್ತದೆ. ಮೇಲಿನ ಭಾರ ನೇರವಾಗಿ ಒಂದೇ ಸಾಲಿನಲ್ಲಿ ಇಳಿಯದೆ, ತೊಲೆಗಳ ಮೂಲಕ ಪಕ್ಕಕ್ಕೆ ಸರಿಯುತ್ತಾ ಹರಡಿಕೊಂಡು ಕೆಳಗೆ ಬರುತ್ತದೆ. ಉದ್ದನೆಯ ದೊಡ್ಡ ಮರಗಳಿಲ್ಲದೆಯೂ ಐದು ಅಂತಸ್ತು ಏರಿಸಲು ಇದು ದಾರಿ.

ಒಳಗೆ ಹೋದವರು ಕಂಬಗಳನ್ನು ಹತ್ತಿರದಿಂದ ನೋಡಿ. ಅನೇಕ ಕಂಬಗಳಿಗೆ ಸುತ್ತಲೂ ಹಲಗೆ ಜೋಡಿಸಿ, ಕಬ್ಬಿಣದ ಪಟ್ಟಿ ಬಿಗಿದಿದ್ದಾರೆ. ಮೆಟ್ಟಿಲುಗಳು ಪೌಲೊನಿಯಾ ಮರದವು. ಹಗುರವಾದ, ಬೇಗ ಬೆಂಕಿ ಹತ್ತದ ಮರ ಅದು. ಶತ್ರು ಒಳಗೆ ನುಗ್ಗಿದರೆ ಏಣಿಯನ್ನು ಮೇಲಕ್ಕೆ ಎಳೆದುಕೊಳ್ಳಲು ಅನುಕೂಲ ಎಂದು ವಿವರಿಸುತ್ತಾರೆ. ನೆಲಮಾಳಿಗೆಯಲ್ಲಿ ಬಾವಿಯಿದೆ, ಉಪ್ಪು ಮುಂತಾದ ದಿನಸಿ ಇಡುವ ಜಾಗವಿದೆ. ಮುತ್ತಿಗೆ ಬಿದ್ದರೂ ಒಳಗೇ ಬದುಕುವ ಸಿದ್ಧತೆ. ಹೊರಗೋಡೆಯ ಹೆಚ್ಚಿನ ಭಾಗಕ್ಕೆ ಕಪ್ಪು ಹಲಗೆ ಹೊದಿಸಿದ್ದಾರೆ, ಸುಣ್ಣದ ಬಿಳುಪು ಕಡಿಮೆ. ಅಲಂಕಾರಕ್ಕಿಂತ ಕಾದಾಟಕ್ಕೆ ಕಟ್ಟಿದ ಮನೆ ಎಂಬುದು ನೋಡಿದ ಕೂಡಲೇ ತಿಳಿಯುತ್ತದೆ.

ರಾಷ್ಟ್ರೀಯ ನಿಧಿಯಾದ ಬಗೆಯನ್ನೂ ಹೇಳಬೇಕು. 1935ರಲ್ಲಿ ಹಳೆಯ ಕಾನೂನಿನಡಿ ಆ ಪಟ್ಟ ಸಿಕ್ಕಿತ್ತು. 1950ರಲ್ಲಿ ಹೊಸ ಕಾನೂನು ಬಂದಾಗ ಒಂದು ಮೆಟ್ಟಿಲು ಕೆಳಗಿನ ದರ್ಜೆಗೆ ಹೋಯಿತು. ಕಟ್ಟಿದ ವರ್ಷಕ್ಕೆ ಗಟ್ಟಿ ಆಧಾರ ಬೇಕಾಗಿತ್ತು. 2012ರಲ್ಲಿ ಕೋಟೆಯ ಆವರಣದ ಮತ್ಸುಯೆ ದೇಗುಲದಲ್ಲಿ ಕೈಚೊ 16ನೆಯ ವರ್ಷ, ಅಂದರೆ 1611, ಎಂದು ಶಾಯಿಯಲ್ಲಿ ಬರೆದ ಎರಡು ಪ್ರಾರ್ಥನಾ ಹಲಗೆಗಳು ಸಿಕ್ಕವು. ಅವು ಗೋಪುರದವೇ ಎಂದು ಹೇಗೆ ತಿಳಿಯಬೇಕು? ಹಲಗೆಗಳಲ್ಲಿದ್ದ ಮೊಳೆಯ ತೂತುಗಳನ್ನು ನೆಲಮಾಳಿಗೆಯ ಕಂಬಗಳ ಮೇಲಿದ್ದ ತೂತುಗಳ ಜೊತೆ ಹೋಲಿಸಿದರು. ಸರಿಯಾಗಿ ಕೂತವು! 2015ರ ಜುಲೈ 8ರಂದು ಗೋಪುರ ಮತ್ತೆ ರಾಷ್ಟ್ರೀಯ ನಿಧಿಯಾಯಿತು. ನಾಲ್ಕು ಶತಮಾನದ ಹಿಂದೆ ಯಾರೋ ಹೊಡೆದ ಮೊಳೆ ಸಾಕ್ಷಿ ನುಡಿಯಿತು ಎಂದರೆ ನಮ್ಮಂಥವರಿಗೆ ಅದಕ್ಕಿಂತ ದೊಡ್ಡ ಸಂತೋಷ ಬೇರೆ ಇಲ್ಲ.

ಒಸಾಕಾ ವಾಸಿ

ಒಸಾಕಾ ಕೋಟೆಯನ್ನು ಕಾಂಕ್ರೀಟ್ ಎಂದು ಎಲ್ಲರೂ ಪಕ್ಕಕ್ಕೆ ಸರಿಸುವುದು ನನಗೆ ನೋವಿನ ವಿಷಯ. ಹದಿನಾರನೆಯ ಶತಮಾನದ ಕೊನೆಯಲ್ಲಿ ಜಪಾನನ್ನು ಒಂದುಗೂಡಿಸಿದ ಹಿದೆಯೊಶಿ ಕಟ್ಟಿಸಿದ ಗೋಪುರ 1615ರಲ್ಲಿ ಸುಟ್ಟಿತು. ಆಮೇಲೆ ತೊಕುಗಾವಾ ಮನೆತನದ ಆಳ್ವಿಕೆಯಲ್ಲಿ ಕಟ್ಟಿದ್ದು 1665ರಲ್ಲಿ ಸಿಡಿಲು ಬಡಿದು ಹೋಯಿತು. ಈಗಿನದು 1931ರಲ್ಲಿ ನಗರದ ಜನ ಕೊಟ್ಟ ದೇಣಿಗೆಯಿಂದ ಎದ್ದದ್ದು. ಹಿಂದಿನ ಎರಡಕ್ಕಿಂತಲೂ ಹೆಚ್ಚು ಕಾಲ ನಿಂತಿರುವುದು ಇದೇ. ಜನ ಉಳಿಸಿಕೊಂಡದ್ದು ದೊಡ್ಡದು ಎನ್ನುವುದಾದರೆ ಜನ ಕಟ್ಟಿಕೊಂಡದ್ದೂ ದೊಡ್ಡದೇ ಅಲ್ಲವೇ? ಲಿಫ್ಟ್ ಇದೆ, ವಯಸ್ಸಾದವರೂ ಮೇಲೆ ಹೋಗಬಹುದು. ಅದೂ ಒಂದು ಬಗೆಯ ಮರ್ಯಾದೆ.

ಬಿದಿರುಮೆಳೆ

ಈ ಮಾತನ್ನು ಮನಸಾರೆ ಒಪ್ಪುತ್ತೇನೆ. ಒಸಾಕಾದ ಗೋಪುರವನ್ನು ಒಳ್ಳೆಯ ವಸ್ತುಸಂಗ್ರಹಾಲಯ ಎಂದು ನೋಡಬೇಕು, ಕಲ್ಲಿನ ಗೋಡೆಗಳನ್ನು ನಿಜವಾದ ಕೋಟೆ ಎಂದು ನೋಡಬೇಕು. ಅಲ್ಲಿನ ಗೋಡೆಯ ಬಂಡೆಗಳ ಗಾತ್ರಕ್ಕೆ ಮತ್ಸುಯೆಯಲ್ಲಿ ಸಾಟಿಯಿಲ್ಲ.

ತುಂಗೆಯ ತಟ

ನಮಸ್ಕಾರ. ಏಪ್ರಿಲ್‌ನಲ್ಲಿ ಅಪ್ಪ ಅಮ್ಮನನ್ನು ಕರೆದುಕೊಂಡು ಬರುತ್ತಿದ್ದೇವೆ. ಅಮ್ಮನಿಗೆ ಮೊಣಕಾಲು ನೋವು, ಅಪ್ಪನಿಗೆ ಊಟದಲ್ಲಿ ಮೀನಿನ ವಾಸನೆಯೂ ಆಗುವುದಿಲ್ಲ. ಮತ್ಸುಯೆ ನಮ್ಮಂಥವರಿಗೆ ಆಗುತ್ತದೆಯೇ, ದಯವಿಟ್ಟು ಇದ್ದದ್ದನ್ನು ಇದ್ದ ಹಾಗೆ ಹೇಳಿ.

ಬಿದಿರುಮೆಳೆ

ತುಂಗೆಯವರೇ, ಮೊದಲು ಮೊಣಕಾಲಿನ ವಿಷಯ. ಗೋಪುರದೊಳಗೆ ಲಿಫ್ಟ್ ಇಲ್ಲ, ಇಡುವಂತೆಯೂ ಇಲ್ಲ. ಪಾದರಕ್ಷೆ ಬಿಚ್ಚಿ, ನುಣುಪಾದ ಮರದ ಮೆಟ್ಟಿಲನ್ನು ಕಂಬಿ ಹಿಡಿದು ಹತ್ತಬೇಕು. ಏರು ಬಹಳ ಕಡಿದು, ಇಳಿಯುವುದು ಇನ್ನೂ ಕಷ್ಟ. ಅಮ್ಮನವರನ್ನು ಮೇಲೆ ಹತ್ತಿಸಬೇಡಿ. ಅವರು ಕೆಳಗಿನ ಅಂಗಳದಲ್ಲಿ ಕೂತು ಗೋಪುರವನ್ನು ನೋಡಲಿ, ಏಪ್ರಿಲ್ ಮೊದಲ ವಾರವಾದರೆ ಚೆರ್ರಿ ಹೂವೂ ಇರಬಹುದು. ಅದೇ ಆವರಣದಲ್ಲಿ 1903ರಲ್ಲಿ ಕಟ್ಟಿದ ಕೊಉನ್‌ಕಾಕು ಎಂಬ ಪಾಶ್ಚಾತ್ಯ ಶೈಲಿಯ ಅತಿಥಿಗೃಹವಿದೆ. ಮೇಜಿ ಚಕ್ರವರ್ತಿ ಬಂದರೆ ಇಳಿಸಿಕೊಳ್ಳಲೆಂದು ಕಟ್ಟಿದ್ದು, ಅವರು ಬರಲಿಲ್ಲ, 1907ರಲ್ಲಿ ಯುವರಾಜ ಬಂದು ತಂಗಿದರು. ಕಪ್ಪು ಗೋಪುರದ ಹತ್ತಿರವೇ ಆ ಕಾಲದ ಕನಸು ನಿಂತಿರುವುದು ನೋಡಲು ಚೆನ್ನ.

ಅಮ್ಮನವರಿಗೆ ನಿಜವಾದ ಕೋಟೆ ದರ್ಶನ ದೋಣಿಯಲ್ಲಿ. ಕಂದಕದಲ್ಲಿ ಸುತ್ತುವ ಹೊರಿಕಾವಾ ದೋಣಿ ಸುಮಾರು 50 ನಿಮಿಷದಲ್ಲಿ 3.7 ಕಿಲೋಮೀಟರ್ ಸಾಗುತ್ತದೆ. ಓತೆಮಾಯೆ ಕಟ್ಟೆಯಲ್ಲಿ ಹತ್ತುವುದು ಕೋಟೆಗೆ ಹತ್ತಿರ. ಒಂದು ಮುಖ್ಯ ವಿಷಯ: ದಾರಿಯಲ್ಲಿ ಕೆಲವು ಸೇತುವೆಗಳು ಬಹಳ ತಗ್ಗು. ಅಲ್ಲಿ ದೋಣಿಯ ಚಾವಣಿಯನ್ನೇ ಕೆಳಗಿಳಿಸುತ್ತಾರೆ, ಕೂತವರೆಲ್ಲ ಮುಂದಕ್ಕೆ ಬಾಗಬೇಕು. ಹೊರಡುವ ಮೊದಲೇ ಒಮ್ಮೆ ಅಭ್ಯಾಸ ಮಾಡಿಸುತ್ತಾರೆ. ನೆಲದ ಮೇಲೆ ಕಾಲು ಚಾಚಿ ಕೂರುವ ದೋಣಿಯಾದ್ದರಿಂದ ಹತ್ತಿ ಇಳಿಯುವಾಗ ಒಬ್ಬರು ಕೈ ಕೊಡಿ.

ಊಟದ ಬಗ್ಗೆ ತಿಳಿದವರು ಹೇಳಲಿ.

ಅಡುಗೆಮನೆ ಪ್ರವಾಸಿ

ಸಸ್ಯಾಹಾರಿಗಳಿಗೆ ಮತ್ಸುಯೆ ಸುಲಭದ ಊರಲ್ಲ, ಮೊದಲೇ ಹೇಳಿಬಿಡುತ್ತೇನೆ. ಶಿಂಜಿ ಸರೋವರದಲ್ಲಿ ಸಿಹಿನೀರೂ ಉಪ್ಪುನೀರೂ ಬೆರೆತಿವೆ, ಅಲ್ಲಿನ ಶಿಜಿಮಿ ಎಂಬ ಸಣ್ಣ ಚಿಪ್ಪಿನ ಸಾರು ಊರಿನ ಹೆಮ್ಮೆ. ಇಜುಮೊ ಸೊಬಾ ಎಂಬ ಕಪ್ಪನೆಯ ಹುರುಳಿಬಣ್ಣದ ಶಾವಿಗೆಯನ್ನು ದುಂಡನೆಯ ಪೆಟ್ಟಿಗೆಗಳಲ್ಲಿ ಒಂದರ ಮೇಲೊಂದು ಪೇರಿಸಿ ತರುತ್ತಾರೆ. ಶಾವಿಗೆ ಸಸ್ಯಾಹಾರವೇ, ಆದರೆ ಮೇಲೆ ಸುರಿಯುವ ರಸಕ್ಕೆ ಒಣಮೀನು ಹಾಕಿ ಕುದಿಸಿರುತ್ತಾರೆ. ನಿಮ್ಮ ಅಪ್ಪನವರಿಗೆ ಅದು ಒಗ್ಗುವುದಿಲ್ಲ. ಅಡುಗೆ ಮಾಡಿಕೊಳ್ಳುವ ಸೌಕರ್ಯವಿರುವ ಕೋಣೆ ಹಿಡಿಯಿರಿ. ಅಕ್ಕಿ, ಮೊಸರು, ತರಕಾರಿ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ಚಟ್ನಿಪುಡಿ, ಉಪ್ಪಿನಕಾಯಿ, ಗೊಜ್ಜವಲಕ್ಕಿ ಊರಿನಿಂದಲೇ ಬರಲಿ. ಮೀನು, ಮಾಂಸ, ಮೀನಿನ ರಸ ಬೇಡ ಎಂದು ಜಪಾನಿ ಲಿಪಿಯಲ್ಲಿ ಬರೆಸಿದ ಚೀಟಿ ಜೇಬಿನಲ್ಲಿರಲಿ.

ಆದರೆ ಸಿಹಿಯ ವಿಷಯಕ್ಕೆ ಬಂದರೆ ಈ ಊರು ಎರಡೂ ಕೈಯಿಂದ ಕೊಡುತ್ತದೆ. ಹೊರಿಯೊಗಳ ನಂತರದ ಕಾಲದಲ್ಲಿ ಇಲ್ಲಿ ಆಳಿದ ಮತ್ಸುದೈರಾ ಮನೆತನದ ಏಳನೆಯ ದೊರೆ ಹರುಸಾತೊ, ಫುಮಾಯ್ ಎಂಬ ಹೆಸರಿನಲ್ಲಿ ಚಹಾಕಲೆಯ ದೊಡ್ಡ ಗುರುವಾಗಿದ್ದವರು. 1751ರಿಂದ 1818ರವರೆಗೆ ಬಾಳಿದವರು. ಅವರಿಂದಾಗಿ ಚಹಾ ಮತ್ತು ಚಹಾದ ಜೊತೆಗಿನ ಸಿಹಿ ಈ ಊರಿನ ಮನೆಮನೆಗೂ ಬಂತು. ವಕಾಕುಸಾ ತಿನ್ನಲೇಬೇಕು: ಅಂಟಕ್ಕಿಯ ಮೆತ್ತನೆಯ ತುಂಡು, ಮೇಲೆ ಹಸಿರು ಪುಡಿ. ಯಾಮಾಕಾವಾ ಕೆಂಪು ಬಿಳಿ ಜೋಡಿಯ ಒಣಸಿಹಿ, ಬಾಯಲ್ಲಿಟ್ಟರೆ ಕರಗುತ್ತದೆ. ಸಾಂಪ್ರದಾಯಿಕ ಸಿಹಿಗಳಿಗೆ ಅಕ್ಕಿ, ಸಕ್ಕರೆ, ಕೆಂಪು ಕಾಳಿನ ಹೂರಣವೇ ಆಧಾರ. ಗಟ್ಟಿಯಾಗಿಸಲು ಹಿಂದಿನಿಂದ ಬಳಸುವುದು ಸಮುದ್ರಪಾಚಿಯಿಂದ ತೆಗೆದ ಅಂಟು. ಹೊಸ ಬಗೆಯ ಸಿಹಿಗಳಲ್ಲಿ ಜೆಲಟಿನ್ ಇರಬಹುದು, ಕೇಳಿ ಕೊಳ್ಳಿ. ಕೋಟೆಯ ಉತ್ತರಕ್ಕೆ ಮೇಮೇಆನ್ ಎಂಬ, 1779ರಲ್ಲಿ ಫುಮಾಯ್ ಕಟ್ಟಿಸಿದ ಹುಲ್ಲುಚಾವಣಿಯ ಚಹಾಮನೆಯಿದೆ. ಅಲ್ಲಿ ಕೂತು ಪುಡಿಚಹಾ ಕುಡಿದು ಇಂಥ ಸಿಹಿ ತಿನ್ನಬಹುದು. ಅಪ್ಪನವರಿಗೆ ಅಲ್ಲಿ ಏನೂ ಅನುಮಾನ ಬೇಡ.

ತುಂಗೆಯ ತಟ

ಬಹಳ ಉಪಕಾರವಾಯಿತು. ಅಮ್ಮನಿಗೆ ದೋಣಿಯ ಚಾವಣಿ ಇಳಿಯುವ ವಿಷಯ ಓದಿ ಹೇಳಿದೆ, ಈಗಲೇ ಹೊರಡೋಣ ಎನ್ನುತ್ತಿದ್ದಾರೆ.

ಕಥೆ ಕೇಳುವವಳು

ಜಪಾನಿನ ಕಥೆಗಳನ್ನು ಇಂಗ್ಲಿಷಿನಲ್ಲಿ ಬರೆದ ಲಫ್ಕಾಡಿಯೊ ಹರ್ನ್ ಹೆಸರನ್ನು ಇನ್ನೂ ಯಾರೂ ಎತ್ತಲಿಲ್ಲವಲ್ಲ! ನಾನು ಮತ್ಸುಯೆಗೆ ಹೋದದ್ದೇ ಅವರಿಗಾಗಿ. ಗ್ರೀಸಿನ ಲೆಫ್ಕಾದಾ ದ್ವೀಪದಲ್ಲಿ 1850ರಲ್ಲಿ ಹುಟ್ಟಿ, ಐರ್ಲೆಂಡಿನಲ್ಲಿ ಬೆಳೆದು, ಅಮೆರಿಕದಲ್ಲಿ ಪತ್ರಕರ್ತನಾಗಿ, 1890ರ ಆಗಸ್ಟ್‌ನಲ್ಲಿ ಈ ಊರಿಗೆ ಇಂಗ್ಲಿಷ್ ಮೇಷ್ಟ್ರಾಗಿ ಬಂದವರು. ಸಮುರಾಯ್ ಮನೆತನದ ಕೊಯಿಜುಮಿ ಸೆತ್ಸು ಅವರನ್ನು ಮದುವೆಯಾದರು, 1896ರಲ್ಲಿ ಜಪಾನಿನ ಪ್ರಜೆಯಾಗಿ ಕೊಯಿಜುಮಿ ಯಾಕುಮೊ ಎಂದಾದರು. ಅವರು ಬಾಡಿಗೆಗಿದ್ದ ಸಮುರಾಯ್ ಮನೆ ಉತ್ತರದ ಕಂದಕದ ಪಕ್ಕದಲ್ಲೇ ಇದೆ, ಪಕ್ಕದಲ್ಲಿ ಅವರ ಸ್ಮಾರಕ ಸಂಗ್ರಹಾಲಯವಿದೆ. ಮನೆ ಸಣ್ಣದು. ನಡುವಿನ ಕೋಣೆಯಲ್ಲಿ ಕೂತರೆ ಮೂರು ಕಡೆಗೂ ತೋಟ ಕಾಣುತ್ತದೆ. ಅವಸರವಿಲ್ಲದೆ ಕೂರಿ.

ಅವರು ಬರೆದಿಟ್ಟ ಒಂದು ಕಥೆ ಈ ಕೋಟೆಯದು. ಕಟ್ಟುವಾಗ ಒಬ್ಬ ಹುಡುಗಿಯನ್ನು ಜೀವಂತ ಗೋಡೆಯ ಕೆಳಗೆ ಹೂಳಿದರಂತೆ. ಅವಳ ಹೆಸರು ಯಾರಿಗೂ ನೆನಪಿಲ್ಲ, ಚೆಲುವೆಯಾಗಿದ್ದಳು, ಕುಣಿತವೆಂದರೆ ಪ್ರಾಣ ಎಂಬುದಷ್ಟೇ ನೆನಪು. ಆಮೇಲೆ ಊರಿನ ಬೀದಿಯಲ್ಲಿ ಹುಡುಗಿಯರು ಕುಣಿದರೆ ಗುಡ್ಡವೂ ಕೋಟೆಯೂ ಬುಡದಿಂದ ನಡುಗುತ್ತಿತ್ತಂತೆ, ಅದಕ್ಕೇ ಕುಣಿತವನ್ನೇ ನಿಷೇಧಿಸಿದರಂತೆ. ಕೆರೆಯಲ್ಲಿ ನೀರು ನಿಲ್ಲಲೆಂದು ಬಲಿಯಾದ ಕಿರಿಸೊಸೆಯ ಹಾಡನ್ನು ಕೇಳುತ್ತಾ ಬೆಳೆದ ನಮಗೆ ಇದು ದೂರದ ಕಥೆಯಲ್ಲ. ಇದು ದಂತಕಥೆ, ಇತಿಹಾಸವಲ್ಲ ಎಂದು ಗೊತ್ತಿದ್ದರೂ ಆ ಕಲ್ಲುಗೋಡೆಯ ಪಕ್ಕ ನಡೆಯುವಾಗ ನನಗೆ ದೊರೆಗಿಂತ ಅವಳೇ ಹೆಚ್ಚು ನೆನಪಾದಳು. ದೊಡ್ಡದನ್ನು ಕಟ್ಟಿದವರು ಯಾರ ಮೇಲೆ ಭಾರ ಹಾಕಿದರು ಎಂಬುದನ್ನು ಜನ ಕಥೆಯಾಗಿಯಾದರೂ ಹೇಳಿಕೊಂಡು ಬಂದಿದ್ದಾರೆ ಎಂದು ನಾನು ನಂಬುತ್ತೇನೆ.

ಕೋಟೆಯ ಆವರಣದ ಉತ್ತರ ಭಾಗದಲ್ಲಿ ಜೋಜಾನ್ ಇನಾರಿ ದೇಗುಲವಿದೆ. ಇನಾರಿ ಬೆಳೆಯ ದೇವರು, ನರಿ ಆ ದೇವರ ದೂತ. ಸಣ್ಣ ದೊಡ್ಡ ನರಿಗಳ ವಿಗ್ರಹಗಳು ಸಾಲುಸಾಲಾಗಿ ಪಾಚಿಗಟ್ಟಿ ಕೂತಿವೆ. ಹರ್ನ್ ಅವರಿಗೆ ಬಹಳ ಇಷ್ಟವಾಗಿದ್ದ ಜಾಗ ಅದು. ಗೋಪುರ ನೋಡಿ ಬಂದ ದಾರಿಯಲ್ಲೇ ಹಿಂದಿರುಗುವವರು ಇದನ್ನು ತಪ್ಪಿಸಿಕೊಳ್ಳುತ್ತಾರೆ. ಈ ದೇಗುಲದ ದೇವರನ್ನು ದೋಣಿಗಳಲ್ಲಿ ಮೆರವಣಿಗೆ ಮಾಡುವ ಹೊರಾನ್‌ಎನ್ಯಾ ಉತ್ಸವ ಹತ್ತು ವರ್ಷಕ್ಕೊಮ್ಮೆ ನಡೆಯುತ್ತದೆ. ಹಿಂದಿನದು 2019ರಲ್ಲಿ ಆಯಿತು.

ತೊಲೆ ಕಂಬ

ಕಲ್ಲುಗೋಡೆಯ ಮಾತು ಬಂತಲ್ಲ, ಒಂದು ಸೇರಿಸುತ್ತೇನೆ. ಕೆಲವು ಕಲ್ಲುಗಳ ಮೇಲೆ ಗುರುತುಗಳನ್ನು ಕೆತ್ತಿದ್ದಾರೆ. ಅವುಗಳಲ್ಲಿ ತಕ್ಕಡಿಯ ತೂಕದ ಕಲ್ಲಿನ ಆಕಾರದ್ದು ಹೊರಿಯೊ ಮನೆತನದ ಲಾಂಛನ. ಮಕ್ಕಳಿಗೆ ಹುಡುಕಲು ಹೇಳಿ, ಗೋಡೆಯನ್ನು ಗಮನವಿಟ್ಟು ನೋಡುತ್ತಾರೆ. ಕೆಳಗಿನ ಅಂಗಳದ ಕಾವಲು ಮನೆಗಳು ಮಾತ್ರ 2001ರಲ್ಲಿ ಮತ್ತೆ ಕಟ್ಟಿದವು.

ಹಂಪಿಯ ಹಾದಿ

ಸರಿ, ನನ್ನ ಮನಸ್ಸು ವಾಲುತ್ತಿದೆ. ಹೋಗುವುದು ಹೇಗೆ? ಕೋಟೆಯ ಮೇಲಿನಿಂದ ಸರೋವರ ಕಾಣುತ್ತದೆಯೇ?

ಬಿದಿರುಮೆಳೆ

ಕಾಣುತ್ತದೆ. ಮೇಲಿನ ಅಂತಸ್ತು ನಾಲ್ಕೂ ಕಡೆ ತೆರೆದಿದೆ, ಊರಿನ ಹೆಂಚುಗಳ ಆಚೆ ಶಿಂಜಿ ಸರೋವರ ಹರಡಿಕೊಂಡಿರುತ್ತದೆ.

ಒಸಾಕಾ ಅಥವಾ ಕೋಬೆಯಿಂದ ಶಿಂಕಾನ್‌ಸೆನ್ ಎಂಬ ಬುಲೆಟ್ ರೈಲಿನಲ್ಲಿ ಒಕಾಯಾಮಾ, ಅಲ್ಲಿಂದ ಯಾಕುಮೊ ಎಂಬ ವೇಗದ ರೈಲು. ಒಕಾಯಾಮಾದಿಂದ ಸುಮಾರು ಎರಡೂವರೆ ಗಂಟೆ ದಾಟುತ್ತದೆ, ಬೆಟ್ಟಗಳ ನಡುವೆ ತಿರುವುಗಳ ದಾರಿ. 2024ರಲ್ಲಿ ಹೊಸ ಬೋಗಿಗಳು ಬಂದ ಮೇಲೆ ಹೊಟ್ಟೆ ತೊಳಸುವುದು ಕಡಿಮೆಯಾಗಿದೆ. ಟೋಕಿಯೊದಿಂದ ಬರುವವರಿಗೆ ಸನ್‌ರೈಸ್ ಇಜುಮೊ ಎಂಬ ರಾತ್ರಿ ರೈಲಿದೆ. ರಾತ್ರಿ ಹತ್ತರ ಹೊತ್ತಿಗೆ ಹತ್ತಿದರೆ ಬೆಳಿಗ್ಗೆ ಒಂಬತ್ತೂವರೆಯ ಸುಮಾರಿಗೆ ಮತ್ಸುಯೆ. ಟಿಕೆಟ್ ಒಂದು ತಿಂಗಳು ಮೊದಲು ಬಿಡುತ್ತಾರೆ, ಬೇಗ ಮುಗಿದುಹೋಗುತ್ತದೆ. ನಿಲ್ದಾಣದಿಂದ ಕೋಟೆಗೆ ಲೇಕ್‌ಲೈನ್ ಎಂಬ ಸುತ್ತುಬಸ್ ಇದೆ.

ಸಂಜೆಯನ್ನು ಸರೋವರದ ದಡಕ್ಕೆ ಇಟ್ಟುಕೊಳ್ಳಿ. ಅಲ್ಲಿನ ಶಿಮಾನೆ ಕಲಾ ಸಂಗ್ರಹಾಲಯ ಮಾರ್ಚ್‌ನಿಂದ ಸೆಪ್ಟೆಂಬರ್‌ವರೆಗೆ ಸೂರ್ಯ ಮುಳುಗಿದ ಅರ್ಧ ಗಂಟೆಯ ನಂತರ ಬಾಗಿಲು ಹಾಕುತ್ತದೆ. ಗಡಿಯಾರವನ್ನು ಬಿಟ್ಟು ಸೂರ್ಯನನ್ನು ನೋಡಿ ಬಾಗಿಲು ಹಾಕುವ ಸಂಸ್ಥೆ ಎಂದರೆ ನನಗೆ ಅಪಾರ ಗೌರವ.

ದೂರದ ದೀಪ

ನಾವು ಜನವರಿಯಲ್ಲಿ ಹೋಗಿದ್ದೆವು. ಚಳಿಗಾಲದಲ್ಲಿ ದೋಣಿಯೊಳಗೆ ಕೊತಾತ್ಸು ಇಡುತ್ತಾರೆ: ಕೆಳಗೆ ಬೆಚ್ಚಗಿನ ಶಾಖ, ಮೇಲೆ ಹೊದಿಕೆ ಹಾಸಿದ ತಗ್ಗು ಮೇಜು. ಅದರೊಳಗೆ ಕಾಲು ತೂರಿಸಿ ಕೂತರೆ ಹೊರಗಿನ ಹಿಮಗಾಳಿ ಲೆಕ್ಕಕ್ಕಿಲ್ಲ. ಜನವೂ ಕಡಿಮೆ. ಆದರೆ ಗೋಪುರದೊಳಗಿನ ಮರದ ನೆಲ ಮಂಜುಗಡ್ಡೆಯಂತೆ ತಣ್ಣಗಿರುತ್ತದೆ, ದಪ್ಪ ಕಾಲುಚೀಲ ಎರಡು ಜೊತೆ ಒಯ್ಯಿರಿ.

ಹಂಪಿಯ ಹಾದಿ

ಹೊರಿಯೊ ಮೊದಲಿದ್ದ ಗಸ್ಸಾನ್ ತೊದಾ ಬೆಟ್ಟದ ಕೋಟೆಯ ಅವಶೇಷವನ್ನು ನೋಡಬಹುದೇ? ನನಗೆ ಪಾಳುಬಿದ್ದ ಕೋಟೆಗಳ ಸೆಳೆತ ಹೆಚ್ಚು.

ಬಿದಿರುಮೆಳೆ

ನೋಡಬಹುದು, ನಿಮಗೆ ಖಂಡಿತ ಹಿಡಿಸುತ್ತದೆ. ಅದು ಪಕ್ಕದ ಯಾಸುಗಿ ಊರಿನ ವ್ಯಾಪ್ತಿಯಲ್ಲಿದೆ. ಕಟ್ಟಡವೇನೂ ಉಳಿದಿಲ್ಲ, ಬೆಟ್ಟದ ಮೇಲೆ ಕಲ್ಲುಗೋಡೆಗಳೂ ಸಮತಟ್ಟು ಮಾಡಿದ ಅಂಕಣಗಳೂ ಇವೆ. ಮೇಲಿನವರೆಗೆ ಹತ್ತಲು ಕಾಲುದಾರಿಯಿದೆ, ಒಳ್ಳೆಯ ಬೂಟು ಬೇಕು. ಹತ್ತಿದ ಮೇಲೆ, ದೊರೆ ಈ ಜಾಗ ಬಿಟ್ಟು ಸರೋವರದ ದಡಕ್ಕೆ ಯಾಕೆ ಹೋದ ಎಂಬುದು ಕಣ್ಣಿಗೇ ಕಾಣುತ್ತದೆ. ಯಾಸುಗಿಯಲ್ಲೇ ಅದಾಚಿ ಕಲಾ ಸಂಗ್ರಹಾಲಯವಿದೆ, ಅದರ ತೋಟಕ್ಕಾಗಿಯೇ ದೂರದಿಂದ ಜನ ಬರುತ್ತಾರೆ. ಯಾಸುಗಿ ನಿಲ್ದಾಣದಿಂದ ಅಲ್ಲಿಗೆ ಸಂಗ್ರಹಾಲಯದವರದೇ ಉಚಿತ ಬಸ್ ಇದೆ. ಬೆಳಿಗ್ಗೆ ಬೆಟ್ಟ, ಮಧ್ಯಾಹ್ನ ತೋಟ ಎಂದು ಇಟ್ಟುಕೊಳ್ಳಿ. ಬೆಟ್ಟದ ಕಡೆಗೆ ಬಸ್ಸುಗಳು ವಿರಳ, ಹಿಂದಿರುಗುವ ಬಸ್ಸಿನ ಸಮಯವನ್ನು ಇಳಿದ ಕೂಡಲೇ ಫೋಟೊ ತೆಗೆದಿಟ್ಟುಕೊಳ್ಳಿ.